ನನ್ನ ಮೊಮ್ಮಗಳನ್ನು ಪಾರಿವಾಳವೆಂದು ಪರಿಗಣಿಸಿ

ನಿವಾಸಿಗಳ ಸಂಘದ ಘನ ಅಧ್ಯಕ್ಷರ ದಿವ್ಯ ಸಮ್ಮುಖಕ್ಕೆ,

ಮಾನ್ಯರೇ,

ನಾಲ್ಕನೇ ಮಹಡಿಯ ಹೊಲಿಗೆ ಅಜ್ಜಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದೂ, ತಮಗಿಂತ ಮಿಗಿಲಾಗಿ ಕಟ್ಟಡದ ಮುಂಭಾಗ ಕ್ಷೇಮವೆಂದೂ ನಂಬಿದ್ದೇನೆ. ಈ ಪತ್ರವನ್ನು ಲಿಫ್ಟಿನ ಪಕ್ಕದ ಫಲಕಕ್ಕೆ ಅಂಟಿಸಿರುವುದನ್ನು ಮನ್ನಿಸಬೇಕು. ಬಾಲ್ಕನಿಗೆ ಬಲೆ ಕಟ್ಟಲು ಅಪ್ಪಣೆ ಬೇಡಿ ಬರೆದ ಹಿಂದಿನ ಮೂರು ಪತ್ರಗಳನ್ನು ತಮ್ಮ ಕೈಗೇ ಕೊಟ್ಟಿದ್ದೆ, ಓದುವವರಿಲ್ಲದೆ ಅವು ಸೊರಗಿಹೋದವು.

ತಮ್ಮ ಸೌಂದರ್ಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು. ಪ್ರತಿ ಬಾಲ್ಕನಿಯಲ್ಲೂ ಒಂದೇ ಬಣ್ಣದ ಎರಡು ಹೂಕುಂಡಗಳಿರಬೇಕು, ಅವು ಕಂಬಿಗೆ ತಾಗಿಕೊಂಡೇ ಇರಬೇಕು, ಕಂಬಿಯ ಮೇಲೆ ಬಲೆ, ಜಾಲರಿ, ಬಟ್ಟೆ ಯಾವುದೂ ಕಾಣಬಾರದು ಎಂದು ತಾವು ನಿಯಮ ಮಾಡಿದಿರಿ. ವಾರದಲ್ಲಿ ನಾಲ್ಕು ದಿನ ಲಿಫ್ಟ್ ಕೆಟ್ಟು ನಿಂತಿರುವ ಕಟ್ಟಡಕ್ಕೆ ಇಷ್ಟೊಂದು ಅಲಂಕಾರ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ನನ್ನ ಮೊಮ್ಮಗಳಿಗೆ ಎರಡೂವರೆ ವರ್ಷ. ಮಗಳು, ಅಳಿಯ ಕೆಲಸಕ್ಕೆ ಹೊರಟ ಮೇಲೆ ಸಂಜೆಯವರೆಗೆ ಅವಳು ನನ್ನ ಪಾಲು. ಕಳೆದ ಮಂಗಳವಾರ ಇಸ್ತ್ರಿಪೆಟ್ಟಿಗೆ ಆರಿಸಲು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ತಮ್ಮ ನಿಯಮದ ಹೂಕುಂಡ ಹತ್ತಿ, ಅಲ್ಲಿಂದ ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡಲಾಗಿರುವ ತಮ್ಮ ಕಂಬಿಗೆ ಕಾಲಿಟ್ಟು, "ಅಜ್ಜೀ ನೋಡು, ನಾನು ದೊಡ್ಡೋಳು!" ಎಂದು ಬೀದಿಯ ಕಡೆ ಬಾಗಿ ಕೈ ಬೀಸುತ್ತಿದ್ದಳು. ನನ್ನ ಕೈಗೆ ಸಿಕ್ಕಿದ್ದು ಅವಳ ಫ್ರಾಕಿನ ಬೆನ್ನಿನ ಲಾಡಿಯೊಂದೇ. ಅದಕ್ಕೆ ಎರಡು ಹೊಲಿಗೆ ಹಾಕಿದ್ದೆ, ಬಿಡಲಿಲ್ಲ. ಆಮೇಲೆ ಅವಳನ್ನು ಅವುಚಿಕೊಂಡು ಅಲ್ಲೇ ನೆಲದ ಮೇಲೆ ಕುಳಿತು ತುಂಬಾ ಹೊತ್ತು ಅತ್ತೆ.

ಅಂದೇ ತಮ್ಮ ಕಾರ್ಯದರ್ಶಿಗಳ ಬಳಿ ಹೋದೆ. ಅವರು ನಕ್ಷೆ ಬಿಡಿಸಿ, ಕಂಬಿ ನಲವತ್ತೆರಡು ಇಂಚು ಎತ್ತರವಿದೆ, ನಿಯಮಕ್ಕೆ ಸರಿಯಾಗಿದೆ ಎಂದು ಬೆರಳಿಟ್ಟು ತೋರಿಸಿದರು. "ನಮ್ಮ ಕಾಲ್ದಲ್ಲಿ ಬಲೆ ಗಿಲೆ ಇತ್ತೇನಮ್ಮಾ? ನಾವೆಲ್ಲ ಬೆಳೀಲಿಲ್ವಾ?" ಎಂದೂ ಕೇಳಿದರು. ಬೆಳೆದೆವು, ನಿಜ, ನಮ್ಮ ಕಾಲದಲ್ಲಿ ಹೊಸಿಲು ದಾಟಿ ಬಿದ್ದರೆ ಮೊಣಕಾಲು ತರಚುತ್ತಿತ್ತು, ನಾಲ್ಕು ಮಹಡಿ ಇಳಿಯುತ್ತಿರಲಿಲ್ಲ.

ನಲವತ್ತು ವರ್ಷ ಬಟ್ಟೆ ಹೊಲಿದವಳು ನಾನು. ಅಳತೆಯನ್ನು ಮೈಮೇಲೆ ತೆಗೆಯಬೇಕೇ ಹೊರತು ಕಾಗದದ ಮೇಲಲ್ಲ. ಮನೆಗೆ ಬಂದು ಟೇಪು ಹಿಡಿದೆ. ಹೂಕುಂಡ ಹದಿನಾರು ಇಂಚು, ಮಗು ಮೂವತ್ತೈದು ಇಂಚು. ಕುಂಡದ ಮೇಲೆ ನಿಂತ ಮಗುವಿಗೆ ತಮ್ಮ ನಲವತ್ತೆರಡು ಇಂಚಿನ ಕಂಬಿ ಇಪ್ಪತ್ತಾರಾಗುತ್ತದೆ, ಎಂದರೆ ಎದೆಮಟ್ಟ. ಕುಂಡಗಳನ್ನು ಗೋಡೆಯ ಕಡೆ ಸರಿಸಿದೆ. ಮರುದಿನವೇ ಕಟ್ಟಡದ ಅಂದ ಕೆಡಿಸಿದ್ದೇನೆಂದು ತಮ್ಮ ಎಚ್ಚರಿಕೆ ಚೀಟಿ ಬಂತು. ಮೂರು ಪತ್ರಕ್ಕೆ ಸಿಗದ ಉತ್ತರ ಎರಡು ಕುಂಡಕ್ಕೆ ಸಿಕ್ಕಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಆದರೂ ತಮ್ಮ ದಯೆಗೆ ಮಿತಿಯಿಲ್ಲ. ನಿಯಮಾವಳಿಯ ಕೊನೆಯ ಪುಟದಲ್ಲಿ, ಪಾರಿವಾಳದ ಕಾಟವಿದ್ದವರು ನಮೂನೆ ತುಂಬಿಕೊಟ್ಟು ಬಲೆ ಕಟ್ಟಿಕೊಳ್ಳಬಹುದು ಎಂದಿದೆ. ಹಿಕ್ಕೆ ಬಿದ್ದರೆ ಗೋಡೆಗೆ ಕಲೆಯಾಗುತ್ತದಂತೆ. ಮಗು ಬಿದ್ದರೆ ಗೋಡೆಗೇನೂ ಆಗುವುದಿಲ್ಲ, ಆದ್ದರಿಂದ ಅದಕ್ಕೆ ನಮೂನೆಯೂ ಇಲ್ಲ. ಇಷ್ಟು ದೂರದೃಷ್ಟಿ ತಮ್ಮಂಥವರಿಗಲ್ಲದೆ ಇನ್ಯಾರಿಗೆ ಬಂದೀತು?

ಆದಕಾರಣ ನನ್ನ ಮೊಮ್ಮಗಳನ್ನು ಇಂದಿನಿಂದ ಪಾರಿವಾಳವೆಂದು ಪರಿಗಣಿಸಬೇಕೆಂದು ಕೈಮುಗಿದು ಬೇಡುತ್ತೇನೆ. ಲಕ್ಷಣಗಳೆಲ್ಲ ಕೂಡಿಬಂದಿವೆ: ಕಾಳು ಚೆಲ್ಲುತ್ತಾಳೆ, ಬೆಳಗಿನ ಜಾವವೇ ಗದ್ದಲ ಎಬ್ಬಿಸುತ್ತಾಳೆ, ಬೇಕಾದಲ್ಲಿ ಹಿಕ್ಕೆ ಹಾಕುತ್ತಾಳೆ. ರೆಕ್ಕೆಯೊಂದು ಇಲ್ಲ. ಆ ಕೊರತೆಯನ್ನು ಸಂಘದ ವತಿಯಿಂದ ತುಂಬಿಕೊಡಲು ಸಾಧ್ಯವಾದರೆ ಬಲೆಯ ಮಾತನ್ನೇ ಎತ್ತುವುದಿಲ್ಲ. ಅದಾಗದಿದ್ದರೆ, ಹಗಲೆಲ್ಲ ನಮ್ಮ ಬಾಲ್ಕನಿಯ ಕೆಳಗೆ ಕೈಚಾಚಿ ನಿಂತಿರಲು ತಮ್ಮ ಕಾರ್ಯಕಾರಿ ಸಮಿತಿಯನ್ನು ನೇಮಿಸಬೇಕು. ಎಲ್ಲರೂ ಒಂದೇ ಬಣ್ಣದ ಅಂಗಿ ತೊಟ್ಟಿದ್ದರೆ ಮುಂಭಾಗಕ್ಕೂ ಶೋಭೆ.

ತಮ್ಮ ಉತ್ತರ ಬರುವವರೆಗೆ ಮಗು ಬೆಳೆಯದೆ, ಹತ್ತದೆ ಕಾಯಲಾರದು. ಆದ್ದರಿಂದ ಗಟ್ಟಿ ದಾರದ ಬಲೆ ತಂದು, ಅಂಚಿಗೆ ದಪ್ಪ ಪಟ್ಟಿ ಕೊಟ್ಟು ಹೊಲಿದು, ನೆಲದಿಂದ ಸೂರಿನವರೆಗೆ ಕಟ್ಟಿಯಾಗಿದೆ. ಬಿಚ್ಚಿಸುವುದಾದರೆ ತಾವೇ ಬರಬೇಕು, ಆಳನ್ನು ಕಳಿಸಬಾರದು.

ಮುಂಭಾಗಕ್ಕಿಂತ ಮೊಮ್ಮಗಳು ಮುಖ್ಯವೆಂದು ತಿಳಿದ ಮೂಢಳೂ,
ತಮ್ಮ ವಿಶ್ವಾಸಿಯೂ ಆದ,
ಹೊಲಿಗೆ ಅಜ್ಜಿ

ತಾ.ಕ.: ನಿನ್ನೆ ಮಧ್ಯಾಹ್ನ ತಮ್ಮ ಶ್ರೀಮತಿಯವರು ಬಂದಿದ್ದರು. ಭಾನುವಾರ ತಮ್ಮ ಮೊಮ್ಮಗ ಬರುತ್ತಾನಂತೆ, ಈಗಷ್ಟೇ ನಡೆಯಲು ಕಲಿತಿದ್ದಾನಂತೆ. ತಮ್ಮ ಬಾಲ್ಕನಿಗೂ ಇಂಥದ್ದೇ ಬಲೆ ಬೇಕೆಂದು ಅಳತೆ ಕೊಟ್ಟು, "ಇವರಿಗೆ ಮಾತ್ರ ಹೇಳ್ಬೇಡಿ" ಎಂದು ಹೋಗಿದ್ದಾರೆ. ಬಲೆ ಶನಿವಾರವೇ ಸಿದ್ಧವಾಗುತ್ತದೆ. ಪಾರಿವಾಳದ ನಮೂನೆಗೆ ಸಹಿ ಹಾಕುವ ಕೆಲಸವೊಂದು ತಮ್ಮದು.