ಕೋಳಿಗೆ ಪಾಕ ಹಚ್ಚುವ ಹೊತ್ತು

ನೋಡಿ, ಮತ್ತೆ ಕರೆದರು. ಇದನ್ನು ಬರೆಯಲು ಕೂತು ಎರಡು ಸಾಲು ಆಗಿಲ್ಲ, ಮಗಳು ಬಂದು ರಬ್ಬರು ಎಲ್ಲಿ ಅಂತ ಕೇಳಿದಳು. ರಬ್ಬರು ಅವಳ ಕೈಯಲ್ಲೇ ಇತ್ತು. ಅವಳನ್ನು ಕಳಿಸಿದೆ, ಗಂಡ ಬಂದು ಟವೆಲ್ ಎಲ್ಲಿ ಅಂದರು. ಅದು ಅವರ ಹೆಗಲ ಮೇಲಿತ್ತು. ಈ ಮನೆಯಲ್ಲಿ ನಾನು ಸುಮ್ಮನೆ ಕೂತಿದ್ದಾಗ ಯಾರಿಗೂ ಏನೂ ಕಳೆಯುವುದಿಲ್ಲ. ನಾನು ಕೈಯಲ್ಲಿ ಕೆಲಸ ಹಿಡಿದೆನೋ, ಎಲ್ಲರದೂ ಎಲ್ಲವೂ ಕಳೆದು ಹೋಗುತ್ತದೆ.

ಬರೆಯುವಾಗ ಕರೆದರೆ ಹಾಳಾಗುವುದು ಒಂದು ಸಾಲು. ಕೋಳಿ ಸುಡುವಾಗ ಕರೆದರೆ ಇಡೀ ಕೋಳಿ ಹಾಳು. ನಾನು ಕೋಳಿಯನ್ನು ಕೆಂಡದ ಮೇಲೆ ಸುಡುತ್ತೇನೆ. ಹಣ್ಣು, ಬೆಲ್ಲ, ಒಣ ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕುದಿಸಿ, ಅಂಟಂಟಾದ ಪಾಕ ಮಾಡಿಟ್ಟು, ಕೋಳಿ ಬೆಂದ ಮೇಲೆ ಕೊನೆಗೆ ಹಚ್ಚುತ್ತೇನೆ. ಮೊಬೈಲಿನಲ್ಲಿ ಅದಕ್ಕೆ ಗ್ಲೇಜ್ ಅನ್ನುತ್ತಾರೆ. ಹೆಸರು ಏನೇ ಇರಲಿ, ಹಚ್ಚಿದ ಮೇಲೆ ಅದರ ಮುಂದಿನಿಂದ ಏಳುವಂತಿಲ್ಲ. ಕಣ್ಣು ತೆಗೆದರೆ ಬೆಲ್ಲ ಸೀದು ಓಣಿ ತುಂಬ ಹೊಗೆ. ಮತ್ತು ಜಗತ್ತಿನ ಜನರೆಲ್ಲ ನನ್ನನ್ನು ಕರೆಯುವುದು ಸರಿಯಾಗಿ ಆ ಹೊತ್ತಿಗೇ.

ಈಗ ಇದು ಬರೀ ಕೋಳಿಯ ಮಾತಾಗಿ ಉಳಿದಿಲ್ಲ. ನಾವು ಈಗಿರುವುದು ಸಂಭಾಜಿನಗರದಲ್ಲಿ, ಬಾಡಿಗೆ ಮನೆಯಲ್ಲಿ. ಮನೆಯೊಡತಿ ಆಯಿ ಲಿಂಗ ಕಟ್ಟಿದವರು, ಮೊಟ್ಟೆ ಅನ್ನುವ ಮಾತು ಕೇಳಿದರೂ ಮೂಗು ಮುರಿಯುವವರು. ನಮ್ಮ ಕರಾರು ಮುಗಿದಿದೆ, ಮುಂದೆ ಇಟ್ಟುಕೊಳ್ಳುತ್ತೇನೋ ಇಲ್ಲವೋ ಎಂದು ಅವರಿನ್ನೂ ಗಟ್ಟಿ ಮಾತು ಕೊಟ್ಟಿಲ್ಲ. ಮಗಳ ಶಾಲೆ ಓಣಿಯ ತುದಿಯಲ್ಲೇ ಇದೆ. ಈ ಮನೆ ಬಿಟ್ಟರೆ ಕೋಳಿ ತಿನ್ನುವವರಿಗೆ ಇಂಥ ಮನೆ ಸಿಗುವುದಿಲ್ಲ. ಎಲ್ಲಾ ಈ ಪಾಕದ ಮೇಲೆ ನಿಂತಿದೆ. ಅದು ಇಲ್ಲಿಯವರೆಗೆ ಬಂದದ್ದು ಹೇಗೆ ಅಂತ ಹೇಳುತ್ತೇನೆ, ಯಾರೂ ಕರೆಯದಿದ್ದರೆ.

ತಪ್ಪು ಎಲ್ಲಿದೆ

ಮೊದಲು ನಾವು ನಾಶಿಕದಲ್ಲಿದ್ದೆವು. ಗಂಡನಿಗೆ ಅಂಬಡದ ಒಂದು ಕಾರ್ಖಾನೆಯಲ್ಲಿ ಕೆಲಸ, ಅಲ್ಲೇ ಹತ್ತಿರ ಒಂದೇ ಕೋಣೆಯ ಖೋಲಿ. ದ್ರಾಕ್ಷಿಯ ಕಾಲದಲ್ಲಿ ನಾಶಿಕದಲ್ಲಿ ಗೊಂಚಲಿನಿಂದ ಉದುರಿದ ದ್ರಾಕ್ಷಿಯನ್ನು ಅಗ್ಗಕ್ಕೆ ಸುರಿಯುತ್ತಾರೆ. ಗಂಡ ಒಂದು ದಿನ ಹೆಲ್ಮೆಟ್ ತುಂಬ ತಂದರು. ತಿಂದೂ ತಿಂದೂ ಮಗಳಿಗೆ ಹೊಟ್ಟೆ ಕೆಟ್ಟಿತು. ಉಳಿದದ್ದನ್ನು ಬೆಲ್ಲ, ಖಾರ ಹಾಕಿ ಕುದಿಸಿದೆ. ಪಕ್ಕದ ಖೋಲಿಯ ವೆಲ್ಡರ್ ಅಣ್ಣ ಸರಳು ಜೋಡಿಸಿ ಒಂದು ಜಾಲರಿ ಮಾಡಿಕೊಟ್ಟಿದ್ದ. ಅದರ ಮೇಲೆ ಕೋಳಿ ಇಟ್ಟೆ.

ಆಗ ಭಾಲ್ಕಿಯಿಂದ ಅತ್ತೆ ಬಂದಿದ್ದರು. ಪಾಕ ಹಚ್ಚಲು ಶುರು ಮಾಡಿದ್ದೇ ತಡ, ಬಂದು ತಲೆಯ ಮೇಲೆ ನಿಂತರು.

"ಇದೇನ್ ಮಾಡ್ಲತ್ತೀ?"

"ಬೆಲ್ಲದ ಪಾಕ ಹಚ್ಲತ್ತೀನ್ರಿ ಅತ್ತಿ."

"ಕೋಳಿಗಿ ಬೆಲ್ಲ ಯಾರ್ ತಿನಸ್ತಾರ? ಬಸರಿ ಏನ್ ಅದು?"

"ಅಲ್ರಿ, ತಿಂದು ನೋಡ್ರಿ."

"ತಿನ್ನಲಾರದೇ ಗೊತ್ತಾಗ್ತದ. ಎಲ್ಲೋ ತಪ್ಪದ ಇದರಾಗ. ಕೊಡು, ಎಲ್ಲದ ನೋಡ್ತೀನಿ."

ಒಂದು ಕಾಲು ತಿಂದರು. "ಇದರಾಗ ಇಲ್ಲ" ಅಂದರು. ಇನ್ನೊಂದು ಕಾಲು ತಿಂದರು. "ಇದರಾಗೂ ಇಲ್ಲ." ಎದೆಯ ತುಂಡು ಮುಗಿಯಿತು, ರೆಕ್ಕೆ ಮುಗಿಯಿತು, ತಪ್ಪು ಸಿಗಲಿಲ್ಲ. ಕೊನೆಗೆ ಕುತ್ತಿಗೆಯ ಎಲುಬೊಂದು ಉಳಿದಿತ್ತು. ಅದನ್ನು ನನ್ನ ತಟ್ಟೆಗೆ ಹಾಕಿ, "ತಪ್ಪು ಇದರಾಗೇ ಇರಬೇಕು, ನೀ ತಿನ್ನು" ಅಂದು ಕೈ ತೊಳೆಯಲು ಹೋದರು.

ಮೀಸೆ

ಮೊಬೈಲಿನಲ್ಲಿ ಅಡುಗೆ ತೋರಿಸುವ ಹೆಣ್ಣುಮಗಳು ಪಾಕ ಹಚ್ಚಲು ಚಂದದ ಬ್ರಶ್ ಇಟ್ಟುಕೊಂಡಿದ್ದಳು. ನಾನು ಚಮಚೆಯಲ್ಲಿ ಸುರಿಯುತ್ತಿದ್ದೆ, ಅರ್ಧ ಪಾಕ ಕೆಂಡದ ಪಾಲಾಗುತ್ತಿತ್ತು. ನನಗೂ ಒಂದು ಬ್ರಶ್ ಬೇಕು ಅಂದೆ. ಗಂಡ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬಾಗಿಲಿಗೆ ಬಣ್ಣ ಬಳಿಯುವ ಬ್ರಶ್ ತಂದರು.

"ಇದು ಕೋಳಿಗೇನ್ರೀ?"

"ಹೊಸಾದು ಅದ. ಬಣ್ಣದ ಮುಖಾನೇ ನೋಡಿಲ್ಲ."

ಪಾಕ ಹಚ್ಚುತ್ತಿದ್ದೆ. ಆಗ ಸಂಡಾಸದಿಂದ ಮಗಳು, "ಮಮ್ಮೀ, ಝಾಲಂ" ಅಂತ ಕೂಗಿದಳು. ಆಯಿತು, ಬಂದು ತೊಳಿ ಅಂತ ಅರ್ಥ. ತಾಯಿಯಾದವಳು ಎಲ್ಲಾ ಕರೆಯನ್ನೂ ತಳ್ಳಿಹಾಕಬಹುದು, ಈ ಒಂದು ಕರೆಯನ್ನು ಮಾತ್ರ ಆಗುವುದಿಲ್ಲ. ಬ್ರಶ್ಶನ್ನು ಗಂಡನ ಕೈಗೆ ಕೊಟ್ಟು ಓಡಿದೆ. ಅವರು ಗೋಡೆಗೆ ಬಳಿದ ಹಾಗೆ ಒತ್ತಿ ಒತ್ತಿ ಎರಡು ಕೋಟು ಬಳಿದರು. ಬಿಸಿಗೆ ಬ್ರಶ್ಶಿನ ಕೂದಲೆಲ್ಲ ಕಿತ್ತು ಪಾಕಕ್ಕೆ ಅಂಟಿಕೊಂಡವು.

ಮಗಳು ತಟ್ಟೆ ನೋಡಿದವಳೇ, "ಮಮ್ಮೀ, ಕೋಂಬಡೀಲಾ ಮಿಶಾ ಆಲ್ಯಾ" ಅಂದಳು. ಕೋಳಿಗೆ ಮೀಸೆ ಬಂದಿದೆಯಂತೆ. ಅವಳಿಗೆ ನಮ್ಮ ಮಾತು ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲೇ ಬರುತ್ತದೆ.

"ಒಂದೆರಡು ಕೂದಲ ಅವ, ಅಷ್ಟ" ಅಂದರು ಗಂಡ.

ಹಾಗಾದರೆ ಮೀಸೆ ಇದ್ದವರೇ ತಿನ್ನಲಿ ಅಂತ ತಟ್ಟೆಯನ್ನು ಅವರ ಮುಂದೆ ಸರಿಸಿದೆ. ಪಾಪ, ಆರಿಸಿ ಆರಿಸಿ ತಿಂದರು. ಕೋಳಿಯನ್ನು ಮೀನಿನ ಹಾಗೆ ತಿಂದ ಗಂಡಸನ್ನು ಅಂಬಡದಲ್ಲಿ ಯಾರೂ ಅದಕ್ಕೂ ಮೊದಲು ಕಂಡಿರಲಿಲ್ಲ. ಮರುವಾರದಿಂದ ಉಳ್ಳಾಗಡ್ಡಿ ಸೊಪ್ಪಿನ ಕಟ್ಟೇ ನನ್ನ ಬ್ರಶ್ ಆಯಿತು.

ದೇವರ ಸೀಮೆ

ನಾಶಿಕದಲ್ಲಿ ಇದ್ದವರಿಗೆ ನೆಂಟರ ಕೊರತೆ ಇಲ್ಲ. ತ್ರ್ಯಂಬಕೇಶ್ವರಕ್ಕೆ ಬಂದವರೆಲ್ಲ ಮೊದಲು ದೇವರನ್ನು, ಆಮೇಲೆ ನಮ್ಮನ್ನು ನೋಡಿ ಹೋಗುತ್ತಾರೆ. ಗಂಡನ ಕಾಕಾ ಒಮ್ಮೆ ಜೀಪು ಮಾಡಿಕೊಂಡು ಬಂದು, ಪೂಜೆ ಮಾಡಿಸಿ, ಹಣೆ ತುಂಬ ಗಂಧ ಹಚ್ಚಿಕೊಂಡು ಸಂಜೆ ಖೋಲಿಗೆ ಬಂದರು. ಬರುತ್ತಾರೆ ಅಂತ ಒಂದು ಫೋನು ಕೂಡ ಮಾಡಿರಲಿಲ್ಲ. ನಾನು ಪಾಕ ಹಚ್ಚುತ್ತಿದ್ದೆ.

"ಕಾಕಾ, ತಪ್ಪು ತಿಳೀಬ್ಯಾಡ್ರಿ. ನೀವು ಬರೋದು ಗೊತ್ತಿದ್ದಿಲ್ಲ. ನಿಮಗ ಬ್ಯಾಳಿ, ಅನ್ನ ಮಾಡ್ತೀನಿ."

"ಮಾಡು ತಾಯಿ. ಪೂಜಿ ಮಾಡ್ಸಿ ಬಂದೀವಿ. ಈ ಊರ ಸೀಮಿ ದಾಟೂತನ ಅದನ್ನ ನೋಡಂಗೂ ಇಲ್ಲ."

ಹೀಗಂದು ಕಾಕಾ ಅದರ ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಕಣ್ಣು ಮುಚ್ಚಿಕೊಂಡರು. ಮೂಗು ಮುಚ್ಚಿಕೊಳ್ಳಲಿಲ್ಲ. ಬೇಳೆ, ಅನ್ನ ಉಂಡರು. ಹೊರಡುವಾಗ ಮೆಲ್ಲಗೆ, "ದಾರಿಗಿ ಏನರ ಕಟ್ಟಿ ಕೊಡ್ತೀಯೇನು?" ಅಂದರು. ರೊಟ್ಟಿ ಕಟ್ಟಿದೆ. ರೊಟ್ಟಿ ಕಡೆ ನೋಡಿದರು, ನನ್ನ ಕಡೆ ನೋಡಿದರು, ಜಾಲರಿ ಕಡೆ ನೋಡಲಿಲ್ಲ. ನಾನು ತಿಳಿದುಕೊಂಡು ಅರ್ಧ ಕೋಳಿಯನ್ನೂ ಕಟ್ಟಿದೆ.

ಸ್ವಲ್ಪ ಹೊತ್ತಿಗೆ ಫೋನು ಬಂತು. ಊರು ಮುಟ್ಟಿದರೇನೋ ಅಂದುಕೊಂಡೆ.

"ಸೀಮಿ ದಾಟೀವಿ ತಾಯಿ" ಅಂದರು ಕಾಕಾ, ಬಾಯಿ ತುಂಬಿಕೊಂಡು. "ಖಾರ ಜರಾ ಕಮ್ಮಿ ಆಗ್ಯಾದ."

ಮಾತು ಬೇರೆ, ಊಟ ಬೇರೆ

ಗಂಡನಿಗೆ ಸಂಭಾಜಿನಗರದಲ್ಲಿ ಕೆಲಸ ಸಿಕ್ಕಿತು. ಮನೆ ಸಿಗಲಿಲ್ಲ. ಬಾಗಿಲು ತೆರೆದವರ ಮೊದಲ ಪ್ರಶ್ನೆಯೇ, ಏನು ತಿನ್ನುತ್ತೀರಿ ಅಂತ. ಆಯಿಯೂ ಅದನ್ನೇ ಕೇಳಿ ಬಾಗಿಲು ಹಾಕಿಕೊಂಡರು. ನಾವು ಇಳಿಯುವಾಗ ಮಗಳು ಮೆಟ್ಟಿಲ ಮೇಲೆ ಎಡವಿ ಬಿದ್ದಳು. ನಾನು ಉರಿದು ಹೋಗಿದ್ದೆ.

"ಕಣ್ಣು ಎಲ್ಲಿಟ್ಕೊಂಡು ನಡೀತೀ ಮೂಳಿ? ನಿಮ್ಮಪ್ಪನಂಗ ಆಕಾಶ ನೋಡ್ಕೋತ."

ಬಾಗಿಲು ಮತ್ತೆ ತೆರೆಯಿತು. "ಯಾ ಊರು ತಂಗಿ?"

"ಭಾಲ್ಕಿ ಕಡೀರಿ."

"ನಂದು ಹುಮನಾಬಾದ ತವರು. ಇಲ್ಲಿ ನಮ್ಮ ಬೈಗುಳ ಕೇಳಿ ಭಾಳ ವರ್ಷ ಆತು. ಒಳಗ ಬರ್ರಿ."

ಚಹಾ ಕೊಟ್ಟರು. ಚಹಾದ ಜೊತೆಗೆ ಕಾಯ್ದೆಯನ್ನೂ ಕೊಟ್ಟರು. "ನಿಮ್ಮ ಮಾತು ಕೇಳಿ ಮನಿ ಕೊಡ್ಲತ್ತೀನಿ, ನಿಮ್ಮ ಊಟ ನೋಡಿ ಅಲ್ಲ. ಮಾಳಗಿ ಮ್ಯಾಲ ಮಾಡ್ರಿ, ಮಾಳಗಿ ಮ್ಯಾಲೇ ತಿನ್ರಿ, ಬಾಂಡಿನೂ ಅಲ್ಲೇ ತೊಳೀರಿ. ಕೋಳಿ ನಾರ್ತದ, ನನಗದು ಆಗಂಗಿಲ್ಲ. ಸೀದ ವಾಸನಿ ಕೆಳಗ ಬಂತೋ, ಅವತ್ತೇ ಖಾಲಿ ಮಾಡ್ಬೇಕು. ಅಂಗಳದಾಗ ಒಂದು ಎಲುಬು ಬಿದ್ರ ನೀವೂ ಅಂಗಳದಾಗ."

ಗಂಡ ತಲೆಯಾಡಿಸಿದರು. ಅವರು ನನಗೂ ಹಾಗೇ ತಲೆಯಾಡಿಸುತ್ತಾರೆ, ಆಮೇಲೆ ಬ್ರಶ್ ತರುತ್ತಾರೆ.

ನೀರು ಬಂತು

ಈ ಊರಲ್ಲಿ ನಳಕ್ಕೆ ನೀರು ಬರುವುದು ಅಂದರೆ ಮನೆಗೆ ಅಳಿಯ ಬಂದ ಹಾಗೆ. ಯಾವಾಗ ಬರುತ್ತದೆ ಅಂತ ಹೇಳಿ ಬರುವುದಿಲ್ಲ, ಬಂದಾಗ ಎಲ್ಲರೂ ಕೈಯಲ್ಲಿದ್ದದ್ದು ಬಿಟ್ಟು ಓಡಬೇಕು. ಬೇಸಿಗೆಯ ಒಂದು ಭಾನುವಾರ, ಗಂಡ ದೌಲತಾಬಾದಿನ ರಸ್ತೆಯಲ್ಲಿ ಕೊಂಡು ತಂದ ಅಂಜೂರದ ಪಾಕ ಮಾಡಿದ್ದೆ. ಒಂದು ಸಲ ಹಚ್ಚಿ ಹೊರಳಿಸಿದ್ದೆ, ಅಷ್ಟೇ. ಕೆಳಗಿನಿಂದ ಆಯಿ ಕೂಗಿದರು.

"ಏ ತಂಗೀ, ನೀರ್ ಬಂತು, ಮೋಟಾರ್ ಚಾಲೂ ಮಾಡು."

ಗಂಡ ಕ್ಷೌರಕ್ಕೆ ಹೋಗಿದ್ದರು. ಕೋಳಿಯೋ ನೀರೋ ಅಂತ ಯೋಚಿಸುವಷ್ಟು ಹೊತ್ತು ಇರಲಿಲ್ಲ. ಇಳಿದೆ, ಮೋಟಾರು ಹಾಕಿದೆ, ಪೈಪು ಕಳಚಿಕೊಂಡಿತು, ಜೋಡಿಸಿದೆ. ಕೊಡ ತುಂಬಿಸುತ್ತಿದ್ದಾಗ ಮೂಗಿಗೆ ಬಡಿಯಿತು. ನನಗೆ ಬಡಿಯಿತು ಅಂದರೆ ಆಯಿಗೂ ಬಡಿದಿತ್ತು. ನಾನು ಮೇಲೆ ಹೋಗುವಷ್ಟರಲ್ಲಿ ಮೂಗಿಗೆ ಸೆರಗು ಒತ್ತಿಕೊಂಡು ಅವರೂ ಮೆಟ್ಟಿಲು ಹತ್ತಿ ಬಂದರು. ಕೋಳಿ ಬಾಣಲೆಯ ತಳದಂತೆ ಕರ್ರಗಾಗಿತ್ತು. ಮನೆ ಹೋಯಿತು ಅಂದುಕೊಂಡೆ. ಶಾಲೆಯೂ ಹೋಯಿತು.

ಆಯಿ ಕೋಳಿಯ ಕಡೆ ನೋಡಲಿಲ್ಲ. ಪಕ್ಕದಲ್ಲಿ ಮುಚ್ಚಿಟ್ಟಿದ್ದ ಬೋಗುಣಿಯ ಮುಚ್ಚಳ ತೆಗೆದರು.

"ಇದೇನು?"

"ಅಂಜೂರ, ಬೆಲ್ಲ, ಖಾರ ರೀ. ಮೊದಲೇ ತೆಗೆದಿಟ್ಟದ್ದು. ಕೋಳಿ ಮುಟ್ಟಿದ್ದಲ್ಲ."

"ಖರೇನಾ?"

"ನನ್ನ ಮಗಳಾಣಿ ರೀ."

ಬೆರಳ ತುದಿಗೆ ಹಚ್ಚಿಕೊಂಡು ನೆಕ್ಕಿದರು. ಇನ್ನೊಂದು ಬೆರಳು ನೆಕ್ಕಿದರು. ಸೆರಗು ಮೂಗಿನಿಂದ ತಾನಾಗಿಯೇ ಜಾರಿತು. ಕೆಳಗೆ ಹೋಗಿ ಒಂದು ವಾಟಿ, ಅಂದರೆ ಬಟ್ಟಲು, ತಂದರು, ತುಂಬಿಸಿಕೊಂಡರು, ಜೋಳದ ರೊಟ್ಟಿಯ ಜೊತೆ ಉಂಡರು. ಸಂಜೆ ಕರೆದು ಹೊಸ ಕಾಯ್ದೆ ಹೇಳಿದರು.

"ಇನ್ನ ಮ್ಯಾಲ ನೀರ್ ಬಂದ್ರ ನೀ ಇಳೀಬ್ಯಾಡ. ಮೋಟಾರ್ ನಾ ಹಚ್ತೀನಿ. ನೀ ನಿನ್ನ ಕೆಲಸದ ಮ್ಯಾಲ ಧ್ಯಾನ ಇಡು."

ಶ್ರಾವಣ

ಶ್ರಾವಣದಲ್ಲಿ ನಾವೂ ಕೋಳಿ ಮುಟ್ಟುವುದಿಲ್ಲ. ಮಾಳಿಗೆಯ ಸಿಗಡಿ, ಅಂದರೆ ನಮ್ಮ ಕೆಂಡದ ಒಲೆ, ಬೋರಲು ಬಿತ್ತು. ಕೋಳಿಗೆ ಹಚ್ಚುವ ಮೊದಲೇ ತೆಗೆದಿಟ್ಟು ಪ್ರತಿ ಭಾನುವಾರ ಆಯಿಗೆ ಕೊಡುತ್ತಿದ್ದ ವಾಟಿ ಪಾಕವೂ ನಿಂತಿತು. ಎರಡನೆಯ ಭಾನುವಾರ ಆಯಿ ಬಾಗಿಲಿಗೆ ಬಂದು, "ಮೈಯಾಗ ಆರಾಮಿಲ್ಲೇನು? ಮ್ಯಾಲ ಹೋಗೇ ಇಲ್ಲ" ಅಂದರು.

"ಶ್ರಾವಣ ಅಲ್ಲೇನ್ರಿ ಆಯಿ."

"ನನಗ ಗೊತ್ತಿಲ್ಲೇನು" ಅಂದು ಹೋದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದರು. "ಎಂದ ಮುಗೀತದ?"

ಇಷ್ಟು ದಿನ ಲಿಂಗಪೂಜೆ ಮಾಡಿದವರು ಶ್ರಾವಣ ಮುಗಿಯಲಿ ಅಂತ ಕಾಯುವುದನ್ನು ನಾನು ಮೊದಲ ಸಲ ನೋಡಿದೆ. ಕನಿಕರ ಬಂದು, ಪೇರಲ ಹಣ್ಣು ತಂದು ಗ್ಯಾಸಿನ ಮೇಲೆ ಬರೀ ಪಾಕ ಮಾಡಿ ಕೊಟ್ಟೆ. ಕೋಳಿಯ ಸಂಬಂಧವೇ ಇಲ್ಲದ ಪಾಕ. ಒಂದು ತುತ್ತು ಬಾಯಿಗಿಟ್ಟು, ವಾಟಿ ಕೆಳಗಿಟ್ಟು, ನನ್ನ ಮುಖ ನೋಡಿದರು.

"ಶ್ರಾವಣಕ್ಕ ನಿನ್ನ ಕೈಗುಣಾನೂ ಉಪವಾಸ ಕುಂತದ ನೋಡು."

ವಾಟಿ

ಶ್ರಾವಣ ಮುಗಿಯಿತು. ಕರಾರೂ ಮುಗಿಯಿತು. ಹೋದ ಭಾನುವಾರ ಸಿಗಡಿ ಹೊತ್ತಿಸಿದೆ. ಕೋಳಿ ಬೆಂದಿತ್ತು, ಪಾಕ ಹಚ್ಚಲು ಶುರು ಮಾಡಿದ್ದೆ. ಗಂಡ, ಮಗಳು ತಟ್ಟೆ ಹಿಡಿದು ಕೂತಿದ್ದರು. ಆಗ ಆಯಿ ಮೆಟ್ಟಿಲು ಹತ್ತಿ ಬಂದರು. ಆ ಹೊತ್ತಿಗೆ ನನ್ನನ್ನು ಕರೆಯುವವರಲ್ಲಿ ಉಳಿದಿದ್ದವರು ಅವರೊಬ್ಬರೇ, ಕರೆಯದೆ ತಾವೇ ಬಂದರು. ಕೈಯಲ್ಲಿ ವಾಟಿ ಇತ್ತು, ಖಾಲಿ. ನೀರಿನ ಟಾಕಿಯ ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡರು.

"ತಂಗಿ, ಮನಿ ಮಾತು ಆಡ್ಲಿಕ್ಕ ಬಂದೀನಿ."

"ಆಡ್ರಿ ಆಯಿ."

"ನಿಮ್ಮನ್ನ ಇಟ್ಕೋಬೇಕಂತ ಮನಸದ. ಕೂಸಿನ ಸಾಲಿನೂ ಇಲ್ಲೇ ಅದ. ಖರೇ ನನ್ನ ಮನ್ಯಾಗ ಇದ್ದು ನನ್ನ ಕಡೆಯಿಂದ ಮುಚ್ಚಿಡೋರು ನನಗ ಬ್ಯಾಡ."

"ನಾ ಏನ್ ಮುಚ್ಚಿಟ್ಟೀನ್ರಿ?"

"ನೀ ಕೊಡೋ ವಾಟಿ ಪಾಕ ಛಲೋ ಇರ್ತದ, ಇಲ್ಲ ಅನ್ನಂಗಿಲ್ಲ. ಆದ್ರ ಮಾಳಗಿ ಮ್ಯಾಲಿಂದ ಕೆಳಗ ಬರೋ ಘಮಾ ವಾಟಿಯೊಳಗ ಬರಂಗಿಲ್ಲ. ಗಂಡಗ, ಮಗಳಿಗಿ ಹಾಕೋದ್ರಾಗ ಅದೇನೋ ಒಂದು ಹಾಕ್ತೀ, ನನಗ ಕೊಡೋದ್ರಾಗ ಬಿಡ್ತೀ. ಶ್ರಾವಣದಾಗಂತೂ ಪೂರಾನೇ ಬಿಟ್ಟಿದ್ದಿ."

ಗಂಡ ತಟ್ಟೆಯೊಳಗೆ ಮುಖ ಹಾಕಿದರು. ಮಗಳಿಗೆ ಉತ್ತರ ಗೊತ್ತಿತ್ತು, ಬಾಯಿ ತೆರೆದಳು. ಮರಾಠಿಯಲ್ಲಿ ಮೊದಲ ಅಕ್ಷರ ಹೊರಬರುವ ಮೊದಲೇ ಆ ಬಾಯಿಗೆ ಒಂದು ತುಂಡು ತುರುಕಿದೆ. ಹೇಳಿದರೆ ಆಯಿ ಇನ್ನೊಮ್ಮೆ ಈ ವಾಟಿ ಮುಟ್ಟಲಾರರು, ನಮ್ಮ ಮುಖವನ್ನೂ ನೋಡಲಾರರು. ಹೇಳದಿದ್ದರೆ ಜಿಪುಣಿ ಅಂತ ಮನೆ ಬಿಡಿಸುತ್ತಾರೆ. ಸುಳ್ಳು ಹೇಳೋಣವೆಂದರೆ, ನಾಳೆ ಅದೇ ಮಸಾಲೆ ಹಾಕಿ ತೋರಿಸು ಅನ್ನುತ್ತಾರೆ. ಕೈಯಲ್ಲಿದ್ದ ಉಳ್ಳಾಗಡ್ಡಿ ಸೊಪ್ಪಿನಿಂದ ಪಾಕ ಕೆಂಡದ ಮೇಲೆ ತೊಟ್ಟಿಕ್ಕಿ ಚುರ್ ಅಂತಿತ್ತು. ಆಯಿ ವಾಟಿಯನ್ನು ನನ್ನ ಕಡೆ ಚಾಚಿದರು.

"ಕೋಳಿ ಅಂತೂ ನಾರ್ತದ, ಅದು ನನಗ ಗೊತ್ತದ. ಹಂಗಾರ ಈ ಘಮಾ ಯಾತರದು, ತಂಗಿ?"