ಅರ್ಲ್ ಪಕ್ಕದ ಜಾಗ

ಕೋಲ್ಬಿ ಟಿಡ್‌ವೆಲ್ ಉಸಿರಾಡುತ್ತಿರುವಾಗಲೇ ಸಮಾಧಿಯ ಕಲ್ಲಿನ ಮೇಲೆ ತನ್ನ ಹೆಸರು ಕೊರೆಸಿಕೊಳ್ಳುವಂತಾದದ್ದು ಒಂದು ಫೋನಿನಿಂದ. ಬೆಳಿಗ್ಗೆ ಅವನಿನ್ನೂ ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡಿದ್ದಾಗ ಅದು ಬಂತು. ಮಾತಾಡಿದವರು ಕಾಲೇಜಿನ ಮಿಸೆಸ್ ಪ್ರೂಯಿಟ್. ಯಾರು ಈ ರಾಜ್ಯದವರು, ಯಾರು ಹೊರಗಿನವರು ಎಂದು ತೀರ್ಮಾನಿಸುವುದೇ ಅವರ ಕೆಲಸ.

"ಕೆಂಟಕಿಯಲ್ಲಿ ಒಂದು ವರ್ಷ ಇದ್ದೀಯ, ಒಪ್ಪಿದೆ. ಲೈಸೆನ್ಸೂ ಇಲ್ಲಿಯದೇ, ಓಟೂ ಇಲ್ಲಿಯದೇ. ಆದರೆ ಓದು ಮುಗಿದ ಮೇಲೂ ಇಲ್ಲೇ ಇರ್ತೀಯ ಅಂತ ಹೇಗೆ ನಂಬಲಿ? ನಿಮ್ಮ ಟೆನ್ನೆಸಿ ಹುಡುಗರು ಬರ್ತಾರೆ, ಕಡಿಮೆ ಫೀಸಲ್ಲಿ ಓದ್ತಾರೆ, ಕೊಕ್ಕರೆ ಮೀನು ಕಚ್ಚಿಕೊಂಡು ಹಾರೋ ಹಾಗೆ ಹಾರಿ ಹೋಗ್ತಾರೆ."

"ನಾನು ಹೋಗಲ್ಲ ಮೇಡಂ."

"ಎಲ್ಲರೂ ಹಾಗೇ ಹೇಳ್ತಾರೆ. ಏನಾದರೂ ಗಟ್ಟಿಯಾದ ಗುರುತು ತೋರಿಸು. ಇವತ್ತೇ ಕೊನೆ ದಿನ. ಸಾಯಂಕಾಲ ನಿಮ್ಮೂರ ಮೇಲೇ ಮನೆಗೆ ಹೋಗ್ತೀನಿ, ನಿಂತು ನೋಡ್ತೀನಿ."

ಹೊರಗಿನವರಿಗೆ ಫೀಸು ಮೂರು ಪಟ್ಟು. ಅಷ್ಟು ಕಟ್ಟುವ ಶಕ್ತಿ ಕೋಲ್ಬಿಗಿರಲಿಲ್ಲ. ಅವನಿಗೆ ಕುದುರೆ ವೈದ್ಯರ ಸಹಾಯಕನಾಗುವ ಆಸೆ. ಅದನ್ನು ಕಲಿಸುವ ಕಾಲೇಜು ಇದೊಂದೇ ಹತ್ತಿರದಲ್ಲಿದ್ದದ್ದು. ಅದಕ್ಕಾಗಿಯೇ ಬೆಟ್ಟದಾಚೆಯ ಟೆನ್ನೆಸಿ ಬಿಟ್ಟು ಈಚೆಗೆ ಬಂದು, ಒಂದು ವರ್ಷದಿಂದ ಕೋಳಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಈಗ ತಪ್ಪಿದರೆ, ಕುದುರೆಯ ಕಾಲು ಹಿಡಿಯುವ ಕನಸು ಕಂಡವನು ಕೋಳಿಯ ಕಾಲು ಹಿಡಿದುಕೊಂಡೇ ಮುದುಕನಾಗಬೇಕಿತ್ತು.

ಅವನಿಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ವರ್ನಾ ಅಜ್ಜಿ ಅಡುಗೆಮನೆಯಲ್ಲಿ ಬನ್ನಿನಂಥ ಮೆತ್ತನೆಯ ಬಿಸ್ಕಿಟ್ಟಿನ ಮೇಲೆ ಗ್ರೇವಿ ಸುರಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಪಕ್ಕದ ಮನೆಯ ಓಡೆಲ್ ಕೂಡ ಅಲ್ಲೇ ಕಾಫಿ ಕುಡಿಯುತ್ತಿದ್ದ. ಸಮಾಧಿಗಳ ಕಲ್ಲು ಕೊರೆಯುವುದು ಅವನ ಕಸುಬು. ಜೀವಂತ ಮನುಷ್ಯರನ್ನೂ ಅವನು ಅಳತೆ ತೆಗೆದುಕೊಳ್ಳುವವನಂತೆಯೇ ನೋಡುತ್ತಿದ್ದ.

"ಇಲ್ಲಿಯ ಹುಡುಗಿ ಒಬ್ಬಳನ್ನ ಮದುವೆ ಆಗಿಬಿಡು" ಎಂದ ಓಡೆಲ್.

"ಸಾಯಂಕಾಲದೊಳಗಾ?"

"ಹಾಗಾದರೆ ಗೋರಿಗೆ ಜಾಗ ತಗೋ. ಮಣ್ಣಲ್ಲಿ ಮಲಗೋ ಜಾಗ ಇಟ್ಟುಕೊಂಡವನನ್ನ ಊರು ಬಿಡ್ತಾನೆ ಅಂತ ಯಾರು ಅಂತಾರೆ?"

ಕೋಲ್ಬಿ ನಗಲು ಬಾಯಿ ತೆರೆದ. ಉಳಿದಿಬ್ಬರೂ ನಗದಿದ್ದುದನ್ನು ನೋಡಿ ಮುಚ್ಚಿಕೊಂಡ.

ವರ್ನಾ ಅಜ್ಜಿ ಸೌಟು ಕೆಳಗಿಟ್ಟಳು. "ನಮ್ಮ ಯಜಮಾನ ಅರ್ಲ್ ಮೂರು ಜಾಗ ತಗೊಂಡಿದ್ದ. ಒಂದರಲ್ಲಿ ಅವನಿದ್ದಾನೆ. ಇನ್ನೊಂದು ನಂದು, ಕಲ್ಲೂ ಸಿದ್ಧವಾಗಿದೆ. ಮೂರನೇದು ನನ್ನ ತಮ್ಮಂಗೆ ಅಂತ ಇತ್ತು. ಅವನು ಫ್ಲೋರಿಡಾಕ್ಕೆ ಹೋದ, ಬಿಸಿಲಲ್ಲೇ ಸಾಯ್ತಾನಂತೆ. ಅರ್ಲ್ ಒಪ್ಪಿದರೆ ನೀನು ಅಲ್ಲಿ ಮಲಗು."

"ಅರ್ಲ್ ತಾತ ತೀರಿಹೋಗಿದ್ದಾರಲ್ಲ ಅಜ್ಜಿ?"

"ತೀರಿಹೋದರೆ ಏನಾಯ್ತು, ಮಾತು ಬಿಟ್ಟಿದಾನಾ?"

ಅವಳು ಜಗುಲಿಗೆ ಹೋದಳು. ಅಲ್ಲಿ ಅರ್ಲನ ತೂಗುಕುರ್ಚಿ ಇತ್ತು. ಆ ಮನೆಯಲ್ಲಿ ಯಾರೂ ಅದರಲ್ಲಿ ಕೂರುತ್ತಿರಲಿಲ್ಲ. ಬೆಕ್ಕೂ ಸುತ್ತು ಬಳಸಿ ಹೋಗುತ್ತಿತ್ತು. ಅಜ್ಜಿ ಕೇಳಿದ್ದಕ್ಕೆ ಅದು ಒಂದು ಸಲ ಕಿರುಗುಟ್ಟಿದರೆ ಇಲ್ಲ, ಎರಡು ಸಲ ಆದರೆ ಹೌದು.

"ಅರ್ಲ್, ಈ ಹುಡುಗ ನಿನ್ನ ಪಕ್ಕ ಮಲಗಲಾ? ಕೆಂಟಕೀಲೇ ಇರ್ತೀನಿ ಅಂತ ಸಾಧಿಸಬೇಕಂತೆ."

ಗಾಳಿ ಇರಲಿಲ್ಲ. ಅಂಗಳದ ಮೇಪಲ್ ಮರದ ಒಂದೆಲೆಯೂ ಅಲುಗಿರಲಿಲ್ಲ. ಕುರ್ಚಿ ಮೆಲ್ಲಗೆ ಹಿಂದಕ್ಕೆ ವಾಲಿ ಮುಂದಕ್ಕೆ ಬಂತು. ಕಿರ್. ಆಮೇಲೆ, ಯಾರೋ ನಗು ತಡೆದುಕೊಂಡು ತುಸು ತಡ ಮಾಡಿದ ಹಾಗೆ, ಇನ್ನೊಂದು ಕಿರ್.

"ಒಪ್ಪಿದ" ಎಂದಳು ಅಜ್ಜಿ. "ಆಶ್ಚರ್ಯ. ಈ ರಾಜ್ಯದ ಹೆಸರೆತ್ತಿದರೇ ಬಯ್ಯೋನು. ಜೀವ ಇರೋವರೆಗೆ ತೆರಿಗೆ ಕಿತ್ತುಕೊಂಡಿರಿ, ನನ್ನ ಎಲುಬು ಮಾತ್ರ ನಿಮಗೆ ಸಿಗಲ್ಲ ಅಂತಿದ್ದ, ಪಾಪ."

ಗೋರಿಗಳ ಗುಡ್ಡ ಚರ್ಚಿನ ಹಿಂದೆ. ಆಗಸ್ಟ್ ತಿಂಗಳಾದರೂ ಮೇಲೆ ಹೋದಂತೆ ಚಳಿ ಹೆಚ್ಚಿತು, ಮಂಜು ಮೊಣಕಾಲಿನವರೆಗೆ ಬಂತು. ಓಡೆಲ್ ಉಳಿಯ ಚೀಲ ಹೊತ್ತು ಹಳೆಯ ದೇವದಾರು ಮರ ದಾಟಿ ತುತ್ತತುದಿಗೆ ಕರೆದುಕೊಂಡು ಹೋದ. ಅರ್ಲನ ಕಲ್ಲು, ಅದರ ಆಚೆ ವರ್ನಾ ಅಜ್ಜಿಯ ಕಲ್ಲು. ಅಜ್ಜಿಯ ಕಲ್ಲಿನಲ್ಲಿ ಹುಟ್ಟಿದ ವರ್ಷ, ಒಂದು ಸಣ್ಣ ಗೆರೆ, ಆಮೇಲೆ ಖಾಲಿ. ಈಚೆಗೆ ಏನೂ ಬರೆಯದ ಮೂರನೆಯ ಕಲ್ಲು.

ಅದರ ಮುಂದಿನ ಹುಲ್ಲು ಮಾತ್ರ ಚಪ್ಪಟೆಯಾಗಿ ಒತ್ತಿತ್ತು. ತಲೆಯ ಗುರುತು, ಹೆಗಲ ಗುರುತು, ಚಾಚಿದ ಎರಡು ಕಾಲಿನ ಗುರುತು.

"ಜಿಂಕೆ ಮಲಗಿರುತ್ತೆ" ಎಂದ ಓಡೆಲ್.

"ಜಿಂಕೆ ಅಂಗಾತ ಮಲಗುತ್ತಾ?"

ಓಡೆಲ್ ಅದನ್ನು ನೋಡಿ, ಕೋಲ್ಬಿಯನ್ನು ನೋಡಿ, ಮತ್ತೆ ಅದನ್ನು ನೋಡಿದ. "ನಿನ್ನ ಅಳತೆಯೇ" ಎಂದು ಉಳಿ ತೆಗೆದ.

ಕೋಲ್ಬಿ ಆ ಗುರುತಿನಿಂದ ಹಿಂದೆ ಸರಿದ. ಮರದ ಬುಡದಲ್ಲಿದ್ದ ಪಾಚಿಗಟ್ಟಿದ ಗಿಡ್ಡ ಕಂಬದಂಥ ಕಲ್ಲಿನ ಮೇಲೆ ಕುಳಿತ. ಯಾವುದೋ ಕೂಸಿನ ಗೋರಿಯಿರಬೇಕು ಎನಿಸಿ ಎದ್ದು, ಟೋಪಿ ತೆಗೆದು, ದೂರ ನಿಂತ. ಉಳಿಯ ಸದ್ದು ಟಕ್ ಟಕ್ ಎಂದು ಗುಡ್ಡದಿಂದ ಇಳಿದು ಊರನ್ನೆಲ್ಲ ಸುತ್ತಿತು. ಹೆಸರಿನ ಒಂದೊಂದು ಅಕ್ಷರ ಮೂಡಿದಾಗಲೂ ಅವನಿಗೆ ಯಾರೋ ಬೆನ್ನಿನ ಮೇಲೆ ತಣ್ಣನೆಯ ಬೆರಳಲ್ಲಿ ಬರೆದಂತಾಯಿತು. ಹುಟ್ಟಿದ ವರ್ಷವಾಯಿತು. ಗೆರೆಯೂ ಆಯಿತು. ಓಡೆಲ್ ಉಳಿಯನ್ನು ಗೆರೆಯ ಮುಂದಿಟ್ಟು ತಿರುಗಿದ. "ಮುಂದಿಂದು?"

"ಖಾಲಿ ಬಿಡಿ ಮಾರಾಯ್ರೇ."

"ಅಭ್ಯಾಸ ನೋಡು, ಕೈ ತಾನಾಗೇ ಹೋಗುತ್ತೆ."

ಕಲ್ಲು ಕೊರೆಯುವುದನ್ನು ಕಂಡವರು ಕಂಡದ್ದನ್ನು ಹೇಳಿದರು, ಕೇಳಿದವರು ಅದಕ್ಕೆ ಕೈಕಾಲು ಜೋಡಿಸಿದರು. ಮಧ್ಯಾಹ್ನ ಕೋಲ್ಬಿ ಮನೆಗೆ ಬಂದಾಗ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಬೀದಿಯ ಕೊನೆಯ ಮನೆಯ ಲೋರೀನ್. ಕಪ್ಪು ಬಟ್ಟೆ ತೊಟ್ಟು, ಸಾವಿನ ಮನೆಗೆ ಒಯ್ಯುವ ಆಲೂಗಡ್ಡೆ ಚೀಸಿನ ಬೋಗುಣಿ ಹಿಡಿದು ನಿಂತಿದ್ದಳು. ಅವನನ್ನು ನೋಡಿದವಳ ಮುಖ ಚೀಸಿಗಿಂತ ಬಿಳಿಚಿತು.

"ನೀನು ಕೋಳಿ ಕಾರ್ಖಾನೆ ಯಂತ್ರಕ್ಕೆ ಸಿಕ್ಕೆಯಂತಲ್ಲೋ."

"ಇಲ್ಲ ಆಂಟಿ, ಚೆನ್ನಾಗಿದ್ದೀನಿ."

ಅವಳು ಒಂದು ಬೆರಳಿಂದ ಅವನ ತೋಳು ಚುಚ್ಚಿ ನೋಡಿದಳು. ಸಮಾಧಾನಕ್ಕಿಂತ ಬೇಸರವೇ ಹೆಚ್ಚಾದಂತೆ ಕಂಡಿತು. "ಕಾರ್ಖಾನೆಯವರು ಆಗಲೇ ನಿನ್ನ ಜಾಗಕ್ಕೆ ನನ್ನ ಅಳಿಯನ್ನ ತಗೊಂಡಾಯ್ತು. ಇನ್ನು ನೀನು ಬದುಕಿದ್ದೀನಿ ಅಂತ ಹೋಗಿ ಗಲಾಟೆ ಮಾಡಬೇಡ. ಬೋಗುಣಿ ತೊಳೆದು ವಾಪಸ್ ಕೊಡು."

ಹೋದರೆ ಹೋಗಲಿ, ಹೇಗೂ ಕಾಲೇಜು ಸೇರುವವನು ಎಂದು ಕೋಲ್ಬಿ ಸಮಾಧಾನ ಹೇಳಿಕೊಂಡ.

ಹೊತ್ತು ಇಳಿಯುವಾಗ ಮಿಸೆಸ್ ಪ್ರೂಯಿಟ್ ಬಂದರು. ಚಪ್ಪಟೆ ಚಪ್ಪಲಿ, ದಪ್ಪ ಕನ್ನಡಕ, ಏನನ್ನೂ ನಂಬದ ಮುಖ. ಕೋಲ್ಬಿ ಅವರನ್ನು ಗುಡ್ಡಕ್ಕೆ ಕರೆದೊಯ್ದ. ಮಂಜು ಮತ್ತೆ ಎದ್ದಿತ್ತು. ಸಮಾಧಿಯ ಮೇಲಿನ ಹೆಸರನ್ನೂ ಪಕ್ಕದಲ್ಲಿ ನಿಂತವನನ್ನೂ ಅವರು ಎರಡೆರಡು ಸಲ ನೋಡಿದರು.

"ಇದು ನೀನೇನಾ?"

"ನಾನೇ ಮೇಡಂ. ಸತ್ತರೂ ಕೆಂಟಕಿ ಬಿಡಲ್ಲ."

ಆ ಮುಖ ಮೊದಲ ಬಾರಿಗೆ ಸಡಿಲವಾಯಿತು. "ನಿಜ ಹೇಳಲಾ? ಬೆಳಿಗ್ಗೆ ಫೋನಲ್ಲಿ ನಿನ್ನ ದನಿ ಕೇಳಿದಾಗಲೇ ಮನಸ್ಸು ಕರಗಿತ್ತು. ಇಲ್ಲಿ ಏನೂ ಇಲ್ಲದಿದ್ದರೂ ಒಪ್ಪಿಬಿಡೋಣ ಅಂತಲೇ ಬಂದೆ. ಇಷ್ಟು ದೂರ ಹೋಗ್ತೀಯ ಅಂದುಕೊಂಡಿರಲಿಲ್ಲ."

ಕೋಲ್ಬಿಯ ಕಣ್ಣಲ್ಲಿ ನೀರಾಡಿತು. ಮಿಸೆಸ್ ಪ್ರೂಯಿಟ್ ಹಿಂತಿರುಗಿದವರು ಆ ಗಿಡ್ಡ ಕಲ್ಲಿಗೆ ಎಡವಿದರು. ಬಾಗಿ, ಉಗುರಿನಿಂದ ಪಾಚಿ ಕೆರೆದರು. ಒಂದು ಬದಿಯಲ್ಲಿ ಕೆಂಟಕಿ ಎಂದು ಕೊರೆದಿತ್ತು. ಅವರು ನಿಧಾನವಾಗಿ ಸುತ್ತಿ ಬಂದು ಇನ್ನೊಂದು ಬದಿ ಕೆರೆದರು. ಟೆನ್ನೆಸಿ. ಕೂಸಿನ ಗೋರಿಯಲ್ಲ, ಗಡಿಕಲ್ಲು. ಟೆನ್ನೆಸಿಯ ಬದಿಯಿಂದ ತಲೆಯೆತ್ತಿದರೆ ಎದುರಿಗೇ ಕೋಲ್ಬಿಯ ಕಲ್ಲು.

ಎಲ್ಲೋ ಒಂದು ಗೂಬೆ ಕೂಗಿತು.

"ನಿನ್ನ ಹೆಣವನ್ನೂ ಟೆನ್ನೆಸಿಗೇ ತಲುಪಿಸೋಕೆ ಏರ್ಪಾಡು ಮಾಡಿಕೊಂಡಿದ್ದೀಯ" ಎಂದರು ಮಿಸೆಸ್ ಪ್ರೂಯಿಟ್. "ನನ್ನ ಇಷ್ಟು ವರ್ಷದ ನೌಕರೀಲಿ ಇಷ್ಟು ಗಟ್ಟಿ ಸಾಕ್ಷಿ ಯಾರೂ ಕೊಟ್ಟಿರಲಿಲ್ಲ. ಕಣ್ಣಾರೆ ನೋಡಿದ ಮೇಲೆ ನೋಡಿಲ್ಲ ಅನ್ನೋಕೆ ಆಗಲ್ಲಪ್ಪ."

"ಹಾಗಾದರೆ ದೂರವಾದರೂ ಟೆನ್ನೆಸಿ ಕಾಲೇಜಲ್ಲೇ ಕೇಳಲಾ?"

"ಕೇಳು. ಹೋದ ವರ್ಷ ಎಲ್ಲಿದ್ದೆ ಅಂತಾರೆ."

"ಕೆಂಟಕೀಲಿ."

"ಹೂಂ. ಬದುಕಿರೋವರೆಗೆ ಅವರಿಗೆ ಹೊರಗಿನವನು, ಸತ್ತ ಮೇಲೆ ನಮಗೆ ಹೊರಗಿನವನು." ಅವರು ನಿಜವಾಗಿಯೂ ಮರುಗಿದವರಂತೆ ಅವನ ಹೆಗಲು ತಟ್ಟಿ ಇಳಿದು ಹೋದರು.

ಜಗುಲಿಯಲ್ಲಿ ವರ್ನಾ ಅಜ್ಜಿ ಎಲ್ಲ ಕೇಳಿ ಕೆನ್ನೆ ಮೇಲೆ ಕೈ ಇಟ್ಟುಕೊಂಡಳು. "ಅಗ್ಗಕ್ಕೆ ಸಿಕ್ತು ಅಂದಿದ್ದ ಅರ್ಲ್. ಗಡಿ ದಾಟಿ ತಗೊಂಡಿದಾನೆ ಅಂತ ನಂಗೇನು ಗೊತ್ತು?" ಎಂದು ಕುರ್ಚಿಯತ್ತ ಕೆಕ್ಕರಿಸಿ ನೋಡಿ, ತಟ್ಟೆ ತರಲು ಒಳಗೆ ಹೋದಳು.

ಕೋಲ್ಬಿ ತನ್ನದೇ ಸಾವಿನ ಆಲೂಗಡ್ಡೆಯನ್ನು ಬೋಗುಣಿಯಿಂದಲೇ ತಿನ್ನತೊಡಗಿದ. ರುಚಿಯಾಗಿತ್ತು. ಎದುರಿಗೆ ಕುರ್ಚಿ ತೂಗುತ್ತಿತ್ತು, ಹೊಟ್ಟೆ ಹಿಡಿದುಕೊಂಡು ನಗುವವನ ಹಾಗೆ ಕುಲುಕಿ ಕುಲುಕಿ.

"ಅರ್ಲ್ ತಾತ, ನಿಮಗೆ ಬೆಳಿಗ್ಗೆನೇ ಗೊತ್ತಿತ್ತಾ?"

ಕಿರ್. ಕಿರ್.

ಕೋಲ್ಬಿ ಚಮಚ ನೆಕ್ಕಿದ. ಕೆಲಸ ಹೋಯಿತು, ಕಾಲೇಜು ಹೋಯಿತು, ಇನ್ನು ಹೋಗುವುದಕ್ಕೆ ಏನಿದೆ ಎಂಬ ಧೈರ್ಯ ಬಂತು.

"ಆಗಲಿ ಬಿಡಿ. ಆ ಕಲ್ಲಿನ ಖಾಲಿ ಜಾಗ ಸದ್ಯಕ್ಕೆ ಖಾಲಿಯಾಗೇ ಇರುತ್ತೆ, ಅಲ್ವಾ?"

ಕುರ್ಚಿ ನಿಂತಿತು. ಆಮೇಲೆ ಒಂದು ಸಲ ಕಿರುಗುಟ್ಟಿತು.

ಕೋಲ್ಬಿ ಚಮಚ ಬಾಯಿಯ ಹತ್ತಿರವೇ ಹಿಡಿದು, ಎರಡನೆಯದಕ್ಕಾಗಿ ಕಾಯುತ್ತ ಕುಳಿತ.