ನನ್ನ ಬಗ್ಗೆ ನಾನೇ ಬರೆದ ಶಿಫಾರಸು

ಹೊಗಳಿಕೆ ಎಂದರೆ ನನಗೆ ಮೊದಲಿನಿಂದಲೂ ದಿಗಿಲು. ಯಾರಾದರೂ "ಸೀರೆ ಚೆನ್ನಾಗಿದೆ" ಎಂದರೆ "ಅಯ್ಯೋ, ಇದಾ? ಹಳೇದು" ಎಂದುಬಿಡುತ್ತೇನೆ, ಹೋದ ತಿಂಗಳಷ್ಟೇ ಕೊಂಡಿದ್ದರೂ. "ಸಾರು ಘಮ್ ಅಂತಿದೆ" ಎಂದರೆ, ಉಪ್ಪು ಒಂದು ಕಲ್ಲು ಕಡಿಮೆಯಾಗಿದೆ ಎಂದು ನಾನೇ ತೋರಿಸಿಕೊಡುತ್ತೇನೆ. ಇದಕ್ಕೆ ವಿನಯವೆಂದು ಹೆಸರಿಟ್ಟು ನಮ್ಮಮ್ಮ ಕಲಿಸಿದ್ದರು. ಮೈಸೂರಿನಲ್ಲಿ ಇದರಿಂದ ನನಗೆ ಒಳ್ಳೆಯ ಹೆಸರೂ ಬಂದಿತ್ತು. ಮದುವೆಯಾಗಿ ಮುಂಬೈ ಪಕ್ಕದ ಡೊಂಬಿವಲಿಗೆ ಬಂದ ಮೇಲೆ ಇಲ್ಲಿಯವರಿಗೆ ಒಬ್ಬರನ್ನೊಬ್ಬರು ಹೊಗಳುವಷ್ಟು ಪುರುಸೊತ್ತೇ ಇರದ ಕಾರಣ ನಿಶ್ಚಿಂತೆಯಿಂದ ಇದ್ದೆ. ಇದೇ ಗುಣ ಮೂರು ದೇಶಗಳ ಎದುರು ನನ್ನ ಮಾನ ಕಳೆದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಆಗ ನನಗೆ ಮೂವತ್ತೈದು ವರ್ಷ. ಅಂಬರನಾಥದ ಒಂದು ಬಣ್ಣದ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ಕೆಲಸ. ಬಣ್ಣದ ಮಾದರಿಯನ್ನು ತಗಡಿಗೆ ಬಳಿದು, ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ಗಡಿಯಾರ ಹಿಡಿದು ನೋಡುವುದೇ ನನ್ನ ವೃತ್ತಿ. ಹೀಗೆ ನೋಡುತ್ತಾ ಕೂತಾಗ ತಲೆಗೆ ಏನಾದರೂ ಬೇಕಲ್ಲ. ಬಿ.ಎಸ್ಸಿ. ಮುಗಿದ ತಿಂಗಳಲ್ಲೇ ಮದುವೆಯಾಗಿ, ಎಂ.ಎಸ್ಸಿ. ಅರ್ಜಿಯನ್ನು ಹರಿದು ಹಾಕಿದ್ದು ನೆನಪಾಗುತ್ತಿತ್ತು. ಮನೆಗೆ ಇಂಟರ್‌ನೆಟ್ ಬಂದ ಮೇಲೆ ಒಂದು ದಿನ, ಯುರೋಪಿನ ಮೂರು ದೇಶಗಳ ಮೂರು ವಿಶ್ವವಿದ್ಯಾಲಯಗಳು ಸೇರಿ ಕೊಡುವ ಒಂದು ಎಂ.ಎಸ್ಸಿ. ಕಣ್ಣಿಗೆ ಬಿತ್ತು. ಮೊದಲ ವರ್ಷ ಎರಡು ದೇಶ, ಎರಡನೆಯ ವರ್ಷ ಇನ್ನೊಂದು, ವಿದ್ಯಾರ್ಥಿವೇತನ ಪೂರ್ತಿ, ವಯಸ್ಸಿನ ಮಿತಿ ಇಲ್ಲ, ವಿಷಯ ಬಣ್ಣ ಮತ್ತು ಲೇಪನಗಳ ರಸಾಯನಶಾಸ್ತ್ರ. ನನ್ನ ಜಾತಕ ನೋಡಿಯೇ ಬರೆದ ಹಾಗಿತ್ತು. ಬೇಲಾಪುರದ ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮವರು ಎರಡು ಸಲ ಓದಿ, "ಹಾಕು. ನಾನು ಅನ್ನಕ್ಕಿಡೋದು ಕಲೀತೀನಿ" ಎಂದರು. ಆರನೆಯ ಕ್ಲಾಸಿನ ಮಗಳು, ನಾವು ಕನ್ನಡದಲ್ಲಿ ಏನು ಕೇಳಿದರೂ ಹಿಂದಿಯಲ್ಲಿ ಉತ್ತರಿಸುವವಳು, "ಜಾವೋ ನ ಮಮ್ಮಾ, ಮೈಂ ಪಪ್ಪಾ ಕೋ ಸಂಭಾಲ್ ಲೂಂಗಿ" ಎಂದಳು, ಅಪ್ಪನನ್ನು ತಾನೇ ನೋಡಿಕೊಳ್ಳುತ್ತಾಳಂತೆ. ಇಬ್ಬರೂ ಇಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ಸ್ವಲ್ಪ ಬೇಜಾರೂ ಆಯಿತು.

ಅಂಕಪಟ್ಟಿ, ಪಾಸ್‌ಪೋರ್ಟು, ಇಂಗ್ಲಿಷ್ ಪರೀಕ್ಷೆ ಎಲ್ಲ ಒಂದೊಂದಾಗಿ ಕೈಗೂಡಿದವು. ಉಳಿದದ್ದು ಮೇಲಧಿಕಾರಿಯ ಶಿಫಾರಸು ಪತ್ರ. ನಮ್ಮ ಬಿರಾದಾರ ಸಾಹೇಬರು ವಿಜಯಪುರದ ಕಡೆಯವರು. ಅಂಬರನಾಥದ ಹೊಗೆ ಕುಡಿದೇ ಕೂದಲು ಬೆಳ್ಳಗಾದವರು. ವಿಷಯ ಹೇಳಿದಾಗ ಅವರಿಗೆ ನಿಜವಾಗಿ ಸಂತೋಷವಾಯಿತು. "ಹೋಗವಾ, ಚಲೋ ಆತು. ಪತ್ರ ನೀನ ಬರ್ಕೊಂಡ ಬಾ, ನಾ ಸಹಿ ಹಾಕ್ತೀನಿ. ನಿನ್ನ ಬಗ್ಗೆ ನಿನಗ ಗೊತ್ತಿದ್ದಷ್ಟು ನನಗೆಲ್ಲಿ ಗೊತ್ತೈತಿ?" ಎಂದರು.

ಇದರಲ್ಲಿ ಅವರ ತಪ್ಪೇನೂ ಇಲ್ಲ. ನಮ್ಮ ಕಡೆ ಅದೇ ಪದ್ಧತಿ. ಹೌಸಿಂಗ್ ಸೊಸೈಟಿಯ ಎನ್‌ಒಸಿಯನ್ನು ಬೇಕಾದವರೇ ಟೈಪ್ ಮಾಡಿಸಿಕೊಂಡು ಹೋಗುತ್ತಾರೆ, ಸೆಕ್ರೆಟರಿ ಶಿಕ್ಕಾ ಒತ್ತುತ್ತಾನೆ. ನಮ್ಮ ಬಿಲ್ಡಿಂಗಿನ ಡಾಕ್ಟರು "ಯಾವ ಜ್ವರ ಬರೆಯಲಿ?" ಎಂದು ಜ್ವರ ಬಂದವರನ್ನೇ ಕೇಳುತ್ತಾರೆ. ಆದರೆ ವಿಶ್ವವಿದ್ಯಾಲಯದ ಸೂಚನೆಗಳಲ್ಲಿ, ಪತ್ರವನ್ನು ಶಿಫಾರಸು ಮಾಡುವವರೇ ಬರೆಯಬೇಕು, ಅಭ್ಯರ್ಥಿ ಅದನ್ನು ನೋಡಲೂಬಾರದು ಎಂದು ಸ್ಪಷ್ಟವಾಗಿ ಬರೆದಿತ್ತು. ಓದಿದ್ದೆ. ರೈಲಿನ ಬಾಗಿಲಲ್ಲಿ ನಿಲ್ಲಬಾರದು ಎಂಬ ಸೂಚನೆಯನ್ನು ದಿನಾ ಓದುತ್ತೇವಲ್ಲ, ಹಾಗೆಯೇ ಓದಿದ್ದೆ.

ಬರೆಯಲು ಕೂತಿದ್ದು ಲೋಕಲ್ ರೈಲಿನಲ್ಲಿ. ಬೆಳಿಗ್ಗೆ ಇಡೀ ಡೊಂಬಿವಲಿ ಮುಂಬೈ ಕಡೆಗೆ ನುಗ್ಗುವಾಗ ನಾನು ಅಂಬರನಾಥಕ್ಕೆ, ಅಂದರೆ ಉಲ್ಟಾ ದಿಕ್ಕಿಗೆ ಹೋಗುವವಳು. ಆದ್ದರಿಂದ ಕೂರಲು ಜಾಗ ಸಿಗುತ್ತದೆ. ವಿಶ್ವವಿದ್ಯಾಲಯ ಕೊಟ್ಟಿದ್ದ ಶಿಫಾರಸಿನ ನಮೂನೆಯಲ್ಲಿ ಎರಡು ಚೌಕಗಳಿದ್ದವು: ಮೊದಲನೆಯದು ಅಭ್ಯರ್ಥಿಯ ಸಾಮರ್ಥ್ಯ, ಎರಡನೆಯದು ದೌರ್ಬಲ್ಯ. "ಸಮಯಕ್ಕೆ ಸರಿಯಾಗಿ ಕೆಲಸಕ್ಕೆ ಬರುತ್ತಾಳೆ" ಎಂದು ಬರೆದೆ. ಹಿಂದಿನ ವಾರ ಎರಡು ದಿನ ತಡವಾಗಿದ್ದು ನೆನಪಾಗಿ "ಸಾಮಾನ್ಯವಾಗಿ" ಎಂದು ಸೇರಿಸಿದೆ. "ಪ್ರಾಮಾಣಿಕಳು" ಎಂದು ಬರೆದೆ. ನನ್ನ ಪತ್ರವನ್ನು ನಾನೇ ಬರೆಯುತ್ತಾ ಆ ಶಬ್ದವನ್ನು ನೋಡುವುದೇ ಕಷ್ಟವಾಗಿ ಅದಕ್ಕೂ "ಸಾಮಾನ್ಯವಾಗಿ" ಹಚ್ಚಿದೆ. ಪಕ್ಕದ ಹೆಂಗಸು ಬಟಾಣಿ ಸುಲಿಯುತ್ತಾ ನನ್ನ ಕಾಗದದ ಕಡೆ ಕಣ್ಣು ಹಾಯಿಸಿದಳು. ನಾಚಿಕೆಯಾಗಿ ಕೈ ಅಡ್ಡ ಹಿಡಿದೆ. ಕಲ್ಯಾಣ ದಾಟುವಷ್ಟರಲ್ಲಿ ಮೂರು ಸಾಲು, ಅದರಲ್ಲಿ ಮೂರು "ಸಾಮಾನ್ಯವಾಗಿ".

ದೌರ್ಬಲ್ಯದ ಚೌಕಕ್ಕೆ ಬಂದೆ ನೋಡಿ, ಪೆನ್ನು ತಾನಾಗಿ ಓಡಿತು. ಮೀಟಿಂಗಿನಲ್ಲಿ ತನ್ನ ಅಭಿಪ್ರಾಯ ಹೇಳುವುದಿಲ್ಲ. ಎದುರಿನವರು ಜೋರು ಮಾಡಿದರೆ ತನ್ನದೇ ತಪ್ಪೆಂದು ಒಪ್ಪಿಕೊಳ್ಳುತ್ತಾಳೆ. ಹೇಳಿದ್ದನ್ನೇ ಮೂರು ಸಲ ಹೇಳುತ್ತಾಳೆ. ಚೌಕ ಸಾಲದೆ ಬೇರೆ ಹಾಳೆ ಲಗತ್ತಿಸಬೇಕಾಯಿತು. "ಸಿಟ್ಟು ಬಂದರೆ ಎರಡು ದಿನ ಮಾತಾಡುವುದಿಲ್ಲ" ಎಂಬುದನ್ನು ಸೇರಿಸಿದ್ದು ನಮ್ಮವರು. ಕಾರ್ಖಾನೆಗೂ ಅದಕ್ಕೂ ಏನು ಸಂಬಂಧ ಎಂದರೆ, "ವಿದೇಶದವರು ನಿಷ್ಠುರ ಮಾತನ್ನ ಮೆಚ್ತಾರೆ" ಎಂದರು. ನನಗೂ ಅದು ಸರಿ ಎನ್ನಿಸಿತು. ಲೆಟರ್‌ಹೆಡ್ಡಿನಲ್ಲಿ ಟೈಪಾದದ್ದನ್ನು ಸಾಹೇಬರ ಮುಂದಿಟ್ಟೆ. ಅವರು ಓದದೆ ಪುಟಪುಟಕ್ಕೂ ಸಹಿ ಹಾಕಿದರು. "ಒಮ್ಮೆ ನೋಡಿ ಸರ್" ಎಂದೆ. "ನೀ ನೋಡಿದಿ ಅಂದಮ್ಯಾಲ ನಾ ಯಾಕ ನೋಡ್ಲಿ?" ಎಂದರು.

ತಿಂಗಳೆರಡು ಕಳೆದು ಸಂದರ್ಶನಕ್ಕೆ ಕರೆ ಬಂತು, ಸ್ಕೈಪಿನಲ್ಲಿ. ರಜೆ ಹಾಕಿ, ಮಧ್ಯಾಹ್ನ ಮೂರಕ್ಕೆ ಗೋಡೆಯ ಕ್ಯಾಲೆಂಡರು ತೆಗೆದು, ಅದರ ಹಿಂದಿನ ಕಲೆ ಕಾಣದಂತೆ ತಲೆ ಅಡ್ಡ ಇಟ್ಟು ಕೂತೆ. ಪರದೆಯ ಮೇಲೆ ಕನ್ನಡಕದ ಹೆಂಗಸೊಬ್ಬರು, ಗಡ್ಡದ ಗಂಡಸೊಬ್ಬರು. ರಸಾಯನಶಾಸ್ತ್ರದ ಪ್ರಶ್ನೆಗಳಿಗೆ ಪಟಪಟ ಹೇಳಿದೆ. ಇಬ್ಬರೂ ತಲೆದೂಗಿದರು. ಸೀಟು ಸಿಕ್ಕಿತೆಂದೇ ಮನಸ್ಸು ಕುಣಿಯಿತು. ಆಮೇಲೆ ಗಡ್ಡದವರು ಕಾಗದ ತಿರುವಿ, "ನೀವು ನಿಮ್ಮ ಅಭಿಪ್ರಾಯವನ್ನು ಸಮರ್ಥಿಸಿಕೊಳ್ಳುವುದೇ ಇಲ್ಲ ಎಂದು ನಿಮ್ಮ ಮ್ಯಾನೇಜರ್ ಬರೆದಿದ್ದಾರೆ. ಒಪ್ಪುತ್ತೀರಾ?" ಎಂದು ಕೇಳಿದರು.

ನನಗೆ ಸರ್ರನೆ ಸಿಟ್ಟು ಬಂತು. ದೇವರಾಣೆ, ಬರೆದವಳು ನಾನೇ ಎಂಬುದು ಆ ಕ್ಷಣ ತಲೆಯಲ್ಲಿರಲಿಲ್ಲ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಆ ಮಾತು ಎಷ್ಟು ಅನ್ಯಾಯದ್ದಾಗಿ ಕಂಡಿತೆಂದರೆ, "ಖಂಡಿತ ಒಪ್ಪುವುದಿಲ್ಲ" ಎಂದೆ. ಐದು ನಿಮಿಷ ಬಿಡದೆ ವಾದಿಸಿದೆ, ಮೂರು ಸಲ ಅದನ್ನೇ ಹೇಳಿದೆ. "ಹಾಗಾದರೆ ಅವರೇಕೆ ಹೀಗೆ ಬರೆದರು?" ಎಂದರು ಕನ್ನಡಕದವರು. "ಬರೆದವರು ನನ್ನನ್ನು ಸರಿಯಾಗಿ ನೋಡಿಯೇ ಇಲ್ಲ" ಎಂದುಬಿಟ್ಟೆ. ಇಬ್ಬರೂ ಮುಖ ಮುಖ ನೋಡಿಕೊಂಡರು. "ಇಷ್ಟು ಭಿನ್ನಾಭಿಪ್ರಾಯವಿದ್ದರೆ ನಿಮ್ಮ ಮ್ಯಾನೇಜರನ್ನೇ ವಿಚಾರಿಸುತ್ತೇವೆ" ಎಂದು ಕರೆ ಮುಗಿಸಿದರು. ಆಗ ನನಗೆ ಪ್ರಜ್ಞೆ ಬಂತು. ನಿಜ ಹೇಳಿದರೆ ಮೋಸ ಬಯಲು, ಹೇಳದಿದ್ದರೆ ಸಾಹೇಬರಿಗೆ ದ್ರೋಹ. ಅವರಿಗೆ ಫೋನ್ ಹಚ್ಚಿದೆ, ಎಂಗೇಜ್ ಬಂತು.

ಮರುದಿನ ಬೆಳಿಗ್ಗೆ ಸಾಹೇಬರು ನನಗಾಗಿಯೇ ಕಾಯುತ್ತಿದ್ದರು. "ಫೋನ್ ಬಂದಿತ್ತವಾ. ಪತ್ರದಾಗ ನೀವು ಬರದಿದ್ದು ಖರೇ ಏನು ಅಂತ ಕೇಳಿದ್ರು. ಸಹಿ ಮಾಡಿದ ಮ್ಯಾಲ ಹಿಂದ ಸರಿಯೋ ಮನಿಷ್ಯಾ ಅಲ್ಲ ನಾನು. ಒಂದೊಂದ ಅಕ್ಷರ ಖರೇ ಐತಿ, ಬೇಕಾದ್ರ ಇನ್ನೊಂದ ಸಹಿ ಮಾಡ್ತೀನಿ ಅಂದೆ" ಎಂದು ಎದೆ ಉಬ್ಬಿಸಿದರು.

ಪತ್ರದ ನಕಲನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು, ಲಗತ್ತಿಸಿದ ಹಾಳೆಯನ್ನೂ ಓದಿದರು. ಚಹಾ ಆರಿಹೋಯಿತು. "ಆವತ್ತ ಟೆಂಪೊ ತುಂಬಿ ನಿಂತಾಗ, ಹಳದಿ ಬಣ್ಣ ಕೆಟ್ಟೈತಿ, ಹೊರಗ ಬಿಡಂಗಿಲ್ಲ ಅಂತ ಗೇಟಿನ್ಯಾಗ ಅಡ್ಡ ನಿಂತಾಕಿ ಯಾರು? ಮಾಲಕ್ರು ಬಂದು ಒದರಿದ್ರೂ ಸರೀಲಿಲ್ಲಲ್ಲ ನೀನು. ಅದನ್ನ ಯಾಕ ಬರೀಲಿಲ್ಲ?" ಎಂದು ಮೆಲ್ಲಗೆ ಕೇಳಿದರು. ಅದು ನನಗೆ ನೆನಪೇ ಆಗಿರಲಿಲ್ಲ. ನೆನಪಾಗಿದ್ದರೂ ಅದು ಬರೆಯುವಂಥ ವಿಷಯವೆಂದು ಹೊಳೆಯುತ್ತಿರಲಿಲ್ಲ. ಇಷ್ಟು ವರ್ಷ ನನ್ನನ್ನು ನೋಡಿದ್ದ ಮನುಷ್ಯ ಎದುರಿಗೇ ಕೂತಿದ್ದರು, ನಾನು ಅವರ ಕೈಗೆ ಸಹಿಗೆಂದು ಬರೀ ಪೆನ್ನು ಕೊಟ್ಟಿದ್ದೆ. ಸಾಹೇಬರು ಅದೇ ದಿನ ಕೈಬರಹದಲ್ಲಿ ಇನ್ನೊಂದು ಪತ್ರ ಬರೆದು ಕಳಿಸಿದರು. ಗಡುವು ಮುಗಿದಿದೆ ಎಂದು ಉತ್ತರ ಬಂತು.

ಕೊನೆಗೆ ಎರಡು ಸಾಲಿನ ಈಮೇಲ್: ಈ ವರ್ಷ ಅವಕಾಶವಿಲ್ಲ, ಶುಭ ಹಾರೈಕೆಗಳು. ನಾನು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಳುವ ಸದ್ದು ಕೇಳದಿರಲೆಂದು ನಲ್ಲಿ ತಿರುಗಿಸಿದರೆ ನೀರಿಲ್ಲ. ನಮ್ಮ ಸೊಸೈಟಿಯಲ್ಲಿ ನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ. "ಮಮ್ಮಾ, ರೋ ರಹೀ ಹೋ ಕ್ಯಾ?" ಎಂದು ಹೊರಗಿನಿಂದ ಮಗಳು ಕೇಳಿದಳು. ಅಳುತ್ತಿಲ್ಲ ಎಂದೆ.

ಈಗಲೂ ಯಾರಾದರೂ, "ಏನ್ರೀ, ಫಾರಿನ್‌ಗೆ ಓದೋಕೆ ಹೊರಟಿದ್ರಲ್ಲ, ಏನಾಯ್ತು?" ಎಂದು ಕೇಳುವುದುಂಟು. "ಎಲ್ಲ ಚೆನ್ನಾಗೇ ಇತ್ತು, ಶಿಫಾರಸು ಪತ್ರ ಕೈಕೊಡ್ತು. ಬರೆದವರಿಗೆ ನಾನು ಎಂಥವಳು ಅಂತಲೇ ಗೊತ್ತಿರಲಿಲ್ಲ" ಎನ್ನುತ್ತೇನೆ. ಕೇಳಿದವರು ಲೊಚಗುಟ್ಟಿ, ಬರೆದವರಿಗೆ ನಾಲ್ಕು ಮಾತು ಬೈದು ಹೋಗುತ್ತಾರೆ. ನಾನು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಬರೆದವರ ಹೆಸರೊಂದನ್ನು ಮಾತ್ರ ಹೇಳುವುದಿಲ್ಲ.